ಇಸಾಬೆಲ್ಲಾ ಚಾರ್ಟ್: ಕಟ್ಟುಕತೆಗಳ ಸಾಲು ಮುಗೀತು, ಈಗ ಕಷ್ಟದ ಭಾಗ

ಇಂಗ್ಲೆಂಡಿನ ರಾಜ 2ನೇ ಎಡ್ವರ್ಡನ ಹೆಂಡತಿ ಇಸಾಬೆಲ್ಲಾ ಬಗ್ಗೆ ಮಾಡುತ್ತಿರುವ ಚಾರ್ಟ್ ಅಂತೂ ಒಂದು ಹಂತಕ್ಕೆ ಬಂದಿದೆ. ಹೊಸಬರಿಗೆ ಎರಡು ಮಾತು. ಈಕೆ ಫ್ರಾನ್ಸಿನ ರಾಜ 4ನೇ ಫಿಲಿಪ್‌ನ ಮಗಳು. 1308ರಲ್ಲಿ ಮದುವೆಯಾದಾಗ ವಯಸ್ಸು ಹನ್ನೆರಡರ ಆಸುಪಾಸು. 1326ರಲ್ಲಿ ಗಂಡನ ಮೇಲೇ ದಂಡು ಕಟ್ಟಿಕೊಂಡು ಬಂದು, ಅವನನ್ನು ಪಟ್ಟದಿಂದ ಇಳಿಸಿದಳು. ಕತೆ ಹುಟ್ಟೋಕೆ ಇಷ್ಟು ಸಾಕಲ್ವಾ?

ಚಾರ್ಟ್ ಅಂದರೆ ಸುಮ್ನೆ ಒಂದು ಸ್ಪ್ರೆಡ್‌ಶೀಟ್. ಅವಳ ಬಗ್ಗೆ ಓಡಾಡುವ ಒಂದೊಂದು ಮಾತಿಗೆ ಒಂದೊಂದು ಸಾಲು. ಆ ಸಂಗತಿ ಯಾವ ವರ್ಷ ನಡೆಯಿತು ಅನ್ನುತ್ತಾರೆ, ಯಾವ ವರ್ಷ ಮೊದಲು ಬರಹದಲ್ಲಿ ಸಿಗುತ್ತದೆ, ಇವೆರಡೇ ಮುಖ್ಯ ಕಾಲಂ. ನಡುವಿನ ಅಂತರ ಹೆಚ್ಚಾದಷ್ಟೂ ಸಾಲು ಕೆಂಪಾಗುತ್ತದೆ.

ಮೊದಲು ಕೆಂಪಾಗಿದ್ದು ವಾಲೆಸ್ ಪ್ರೇಮಕತೆ. ವಾಲೆಸ್ ಅವಳ ಪ್ರಿಯಕರ, ಅವಳ ಮಗನ ಅಪ್ಪ ಅವನೇ ಅಂತ. 1995ರ ಹಾಲಿವುಡ್ ಸಿನಿಮಾ ‘ಬ್ರೇವ್‌ಹಾರ್ಟ್’ ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ. ಇಂಗ್ಲಿಷರ ವಿರುದ್ಧ ಹೋರಾಡಿದ ಸ್ಕಾಟ್ಲೆಂಡಿನ ವಿಲಿಯಂ ವಾಲೆಸ್‌ನನ್ನು ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ ಕೊಂದದ್ದು 1305ರ ಆಗಸ್ಟ್ 23ರಂದು. ಆಗ ಈಕೆ ಫ್ರಾನ್ಸಿನಲ್ಲಿದ್ದ ಒಂಬತ್ತು-ಹತ್ತು ವರ್ಷದ ಹುಡುಗಿ. ಮಗ ಹುಟ್ಟಿದ್ದು 1312ರ ನವೆಂಬರ್ 13ರಂದು, ವಾಲೆಸ್ ಸತ್ತು ಏಳು ವರ್ಷದ ಮೇಲೆ. ಆ ವರ್ಷದ ಫೆಬ್ರುವರಿ ಕೊನೆಯಲ್ಲಿ ರಾಜ ರಾಣಿ ಇಬ್ಬರೂ ಯಾರ್ಕ್‌ನಲ್ಲಿದ್ದರು. ಲೆಕ್ಕ ಹಾಕಿಕೊಳ್ಳಿ.

‘ಫ್ರಾನ್ಸಿನ ಹೆಣ್ಣು ತೋಳ’ ಅನ್ನೋ ಬಿರುದೂ ಅವಳ ಕಾಲದ್ದಲ್ಲ. ಶೇಕ್ಸ್‌ಪಿಯರ್ ಅದನ್ನು ಬಳಸಿದ್ದು ಇನ್ನೊಬ್ಬ ರಾಣಿಗೆ, ಆಂಜೂವಿನ ಮಾರ್ಗರೆಟ್‌ಗೆ. ಇಸಾಬೆಲ್ಲಾ ಕೊರಳಿಗೆ ಕಟ್ಟಿದ್ದು 1757ರಲ್ಲಿ, ಥಾಮಸ್ ಗ್ರೇ ಎಂಬ ಕವಿ. ಅವಳು ಸತ್ತು ಆಗಲೇ ಹತ್ತಿರ ಹತ್ತಿರ ನಾಲ್ಕು ಶತಮಾನ ಆಗಿತ್ತು.

ಹುಚ್ಚಿಯ ಕತೆ ನನಗೆ ಜಾಸ್ತಿ ಹಿಡಿಸಿದ್ದು, ಯಾಕೆಂದರೆ ಅದನ್ನು ಕೆಡವೋಕೆ ಮನೆವಾರ್ತೆಯ ಲೆಕ್ಕವೇ ಸಿಗುತ್ತದೆ. 1330ರಲ್ಲಿ ಮಗ 3ನೇ ಎಡ್ವರ್ಡ್, ತಾಯಿಯ ಜೊತೆಗಾರ ರೋಜರ್ ಮಾರ್ಟಿಮರ್‌ನನ್ನು ನಾಟಿಂಗ್‌ಹ್ಯಾಮ್ ಕೋಟೆಯಲ್ಲಿ ಹಿಡಿಸಿ ಗಲ್ಲಿಗೇರಿಸಿದ. ಆಮೇಲೆ ತಾಯಿಯನ್ನು ನಾರ್ಫೋಕ್‌ನ ಕಾಸಲ್ ರೈಸಿಂಗ್‌ನಲ್ಲಿ ಕೂಡಿಹಾಕಿದ, ಅವಳು ಅಲ್ಲೇ ಕಿರುಚಾಡುತ್ತಾ ಸತ್ತಳು ಅಂತ ಕತೆ. ನಿಜ ಏನಂದರೆ ಅವಳಿಗೆ ವರ್ಷಕ್ಕೆ 3,000 ಪೌಂಡ್ ಕಟ್ಟಿಕೊಟ್ಟಿದ್ದ, ಮುಂದೆ ಅದನ್ನು ಏರಿಸಿದ. ಪಕ್ಕದ ಲಿನ್ ಊರಿನವರು ಮೀನು, ವೈನ್ ಕಳಿಸಿದ ಲೆಕ್ಕ ಅವರ ದಾಖಲೆಯಲ್ಲಿದೆ. ಅವಳ ಕೊನೆಯ ತಿಂಗಳುಗಳ ಖರ್ಚಿನ ಪುಸ್ತಕ ಇವತ್ತಿಗೂ ಉಳಿದಿದೆ: ಒಡವೆ ಖರೀದಿ, ಹಾಡುಗಾರರಿಗೆ ಕೊಟ್ಟ ದುಡ್ಡು, ಕ್ಯಾಂಟರ್‌ಬರಿ ಯಾತ್ರೆ, ಊಟಕ್ಕೆ ಬಂದವರ ಹೆಸರು. ಬಂದವರಲ್ಲಿ ಅದೇ ಮಾರ್ಟಿಮರ್‌ನ ಮೊಮ್ಮಗನೂ ಇದ್ದಾನೆ! ಅವಳು ಸತ್ತದ್ದು 1358ರ ಆಗಸ್ಟ್ 22ರಂದು, ಅದೂ ಹರ್ಟ್‌ಫರ್ಡ್ ಕೋಟೆಯಲ್ಲಿ.

ಕಾದ ಸಲಾಕೆ ಸಾಲಿಗೆ ಬಂದಾಗ ನನ್ನ ಬಣ್ಣದ ಲೆಕ್ಕ ಕೈಕೊಟ್ಟಿತು. 2ನೇ ಎಡ್ವರ್ಡ್ 1327ರ ಸೆಪ್ಟೆಂಬರ್ 21ರಂದು ಬರ್ಕ್‌ಲಿ ಕೋಟೆಯಲ್ಲಿ ಸತ್ತ ಎಂದು ಸಾರಲಾಯಿತು. ಅವನನ್ನು ಕಾದ ಸಲಾಕೆ ಚುಚ್ಚಿ ಕೊಂದರು ಅನ್ನೋ ಮಾತು 1330ರ ದಶಕದಲ್ಲೇ ಒಂದು ಕ್ರಾನಿಕಲ್‌ನಲ್ಲಿ, ಅಂದರೆ ಆ ಕಾಲದವರು ಬರೆದಿಟ್ಟ ಇತಿಹಾಸದಲ್ಲಿ, ಬಂದುಬಿಡುತ್ತದೆ. ಅಂತರ ತೀರಾ ಕಮ್ಮಿ. ಆದರೆ ಬರೆದವರು ಯಾರೂ ಕಣ್ಣಾರೆ ಕಂಡವರಲ್ಲ. ಅದೇ ಕಾಲದಲ್ಲಿ ಇತಿಹಾಸ ಬರೆದ ಆಡಮ್ ಮುರಿಮತ್ ಉಸಿರುಗಟ್ಟಿಸಿ ಕೊಂದರು ಅನ್ನುತ್ತಾನೆ. ಹಾಗಾಗಿ ಈಗ ಇನ್ನೊಂದು ಕಾಲಂ ಸೇರಿಸಿದ್ದೇನೆ: ‘ಬರೆದವನಿಗೆ ಹೇಗೆ ಗೊತ್ತು?’ ಇಡೀ ಶೀಟಿನಲ್ಲಿ ಅದೇ ಈಗ ಹೆಚ್ಚು ಕೆಲಸಕ್ಕೆ ಬರುತ್ತಿದೆ.

ಇಲ್ಲಿವರೆಗೆ ಓದಿ ‘ಪಾಪ, ಒಳ್ಳೆ ಹೆಂಗಸು’ ಅಂದುಕೊಂಡರೆ ತಡೆಯಿರಿ. ಹಸಿರು ಸಾಲುಗಳು, ಅಂದರೆ ಸಾಕ್ಷಿ ಇರುವ ಸಂಗತಿಗಳು, ಅವಳಿಗೆ ಏನೂ ಹಿತವಾಗಿಲ್ಲ. ಗೆದ್ದು ಬಂದಾಗ ಖಜಾನೆಯಲ್ಲಿ 60 ಸಾವಿರ ಪೌಂಡಿನಷ್ಟು ಇತ್ತು. ಕೆಲವೇ ವರ್ಷಗಳಲ್ಲಿ ಬಹುಪಾಲು ಖಾಲಿ. 1327ರಲ್ಲಿ ತನ್ನ ವರ್ಷದ ಆದಾಯವನ್ನು 20,000 ಮಾರ್ಕ್‌ಗೆ (ಒಂದು ಮಾರ್ಕ್ ಅಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು) ಏರಿಸಿಕೊಂಡಳು, ಹಿಂದಿನದಕ್ಕಿಂತ ಸುಮಾರು ಮೂರು ಪಟ್ಟು.

ಮತ್ತೆ ಕೆಂಟ್‌ನ ಅರ್ಲ್ ಎಡ್ಮಂಡ್. ಸತ್ತ ರಾಜನ ಮಲತಮ್ಮ. ಅಣ್ಣ ಬದುಕಿದ್ದಾನೆ ಅಂತ ನಂಬಿ ಬಿಡಿಸೋಕೆ ಹೊರಟವನಿಗೆ, ಇಸಾಬೆಲ್ಲಾ ಮತ್ತು ಮಾರ್ಟಿಮರ್ ಕೈಯಲ್ಲಿ ಆಡಳಿತ ಇದ್ದಾಗಲೇ, ಮರಣದಂಡನೆ ಆಯಿತು. 1330ರ ಮಾರ್ಚ್ 19ರಂದು ವಿಂಚೆಸ್ಟರ್ ಕೋಟೆಯ ಹೊರಗೆ ಅವನನ್ನು ತಂದು ನಿಲ್ಲಿಸಿದರು. ತಲೆ ಕಡಿಯೋಕೆ ಯಾರೂ ಮುಂದೆ ಬರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಹಾಗೇ ಕಾದ. ಕೊನೆಗೆ ಸಾವಿನ ಶಿಕ್ಷೆಯಾಗಿದ್ದ ಒಬ್ಬ ಕೈದಿ, ತನ್ನ ಪ್ರಾಣ ಉಳಿಸಿದರೆ ಮಾಡುತ್ತೇನೆ ಅಂದ. ಇಂಥದ್ದು ಇರುವಾಗ ಸಲಾಕೆ, ಹುಚ್ಚು, ವಾಲೆಸ್ ಯಾಕೆ ಬೇಕಿತ್ತೋ ಈ ಜನಕ್ಕೆ!

ಮುಂದಿನ ಸರದಿ ಫಿಯೆಸ್ಕಿ ಪತ್ರ. 1878ರಲ್ಲಿ ಫ್ರಾನ್ಸಿನ ಮೊಂಪೆಲಿಯೆ ದಾಖಲೆಗಳಲ್ಲಿ ಸಿಕ್ಕಿದ್ದು. ಜಿನೋವಾದ ಪಾದ್ರಿ ಮನುವೆಲೆ ಫಿಯೆಸ್ಕಿ 3ನೇ ಎಡ್ವರ್ಡ್‌ಗೆ ಬರೆದದ್ದು: ನಿನ್ನ ಅಪ್ಪ ಬರ್ಕ್‌ಲಿಯಿಂದ ತಪ್ಪಿಸಿಕೊಂಡ, ಐರ್ಲೆಂಡ್ ಸುತ್ತಿ, ಪೋಪ್‌ನನ್ನು ಕಂಡು, ಇಟಲಿಯಲ್ಲಿ ಸನ್ಯಾಸಿಯಾದ ಅಂತ. ವಿದ್ವಾಂಸರು ಇನ್ನೂ ಕಚ್ಚಾಡುತ್ತಿದ್ದಾರೆ. ಸದ್ಯಕ್ಕೆ ಆ ಸಾಲಿಗೆ ಹಳದಿ ಬಳಿದಿದ್ದೇನೆ. ಪತ್ರದ ಲ್ಯಾಟಿನ್ ಪಾಠವನ್ನು ಒಂದೊಂದೇ ವಾಕ್ಯ ಮಾಡಿ ಶೀಟಿಗೆ ಇಳಿಸಬೇಕು. ಊರುಗಳ ಹೆಸರಿಂದ ಶುರು ಮಾಡುತ್ತೇನೆ.