ಮಳೆಗಾಲದಲ್ಲಿ ಏನ್ ಮಾಡ್ತೀರಾ?

ನಮ್ಮ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸೋ ಸಿಲ್ವರ್ ಓಕ್ ಮರ ಕಡಿಯೋ ಹುಡುಗ ಮೊನ್ನೆ ಬ್ಯಾಂಕಿಗೆ ಮುದ್ರಾ ಲೋನ್, ಅಂದ್ರೆ ಸಣ್ಣ ಉದ್ಯಮದವ್ರಿಗೆ ಕೊಡೋ ಸಾಲ, ಕೇಳೋಕೆ ಹೊರಟಿದ್ದ. "ಅಣ್ಣ, ನೀವೂ ಬನ್ನಿ, ಮ್ಯಾನೇಜರ್ ಸ್ವಲ್ಪ ಮರ್ಯಾದೆ ಕೊಡ್ತಾರೆ" ಅಂದ. ಮರ್ಯಾದೆ ಕೊಟ್ರು, ಆದ್ರೆ ನಂಗೆ. ನಂಗೆ ಕುರ್ಚಿ ಹಾಕಿದ್ರು, ಲೋನ್ ಕೇಳೋಕ್ ಬಂದೋನು ನಿಂತೇ ಇದ್ದ.

ಅವನಿಗೆ ಬೇಕಿದ್ದಿದ್ದು ನಾಲ್ಕೂವರೆ ಲಕ್ಷ. ಒಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರು, ಅದಕ್ಕೊಂದು ವಿಂಚು, ಹಗ್ಗ ಸುತ್ತಿ ದಿಮ್ಮಿ ಎಳೆಯೋ ಯಂತ್ರ. ಈಗ ಬಾಡಿಗೆಗೆ ತರ್ತಾನೆ, ದುಡಿದಿದ್ದೆಲ್ಲ ಬಾಡಿಗೆಯವನ ಜೇಬಿಗೆ. ಕೆಲಸ ಮಾತ್ರ ನೋಡ್ಬೇಕು, ಮೆಣಸಿನ ಬಳ್ಳಿ ಬಿಡಿಸಿ, ಮೇಲಿನ ಕೊಂಬೆ ಇಳಿಸಿ, ಹಗ್ಗ ಕಟ್ಟಿ ಎಳ್ಸಿ ಎರಡು ಕಾಫಿ ಸಾಲಿನ ಮಧ್ಯಕ್ಕೇ ಮರ ಮಲಗಿಸ್ತಾನೆ, ಕಾಫಿ ಗಿಡದ ಒಂದು ರೆಕ್ಕೆ, ಅಂದ್ರೆ ಅಡ್ಡ ಕೊಂಬೆ, ಮುರಿಯಲ್ಲ. ಸಕಲೇಶಪುರದ ಕಡೆ ಇಂಥವ್ರು ಕಮ್ಮಿ.

ಆಫೀಸರ್ ಹೊರಗಿನ ರಾಜ್ಯದ ಹುಡುಗ, ಕೆಟ್ಟವನೇನಲ್ಲ, ಕನ್ನಡನೂ ಕಲೀತಿದಾನೆ, ಆದ್ರೆ ನಮ್ಮ ಜುಲೈ ಇನ್ನೂ ನೋಡಿಲ್ಲ ಅನ್ಸತ್ತೆ. ಪೇಪರ್ ತಿರುವಿ ಹಾಕ್ತಾ ಕೇಳ್ದ.

"ಮಳೆಗಾಲದಲ್ಲಿ ಏನ್ ಮಾಡ್ತೀರಾ?"

"ಮಳೆ ನೋಡ್ತೀನಿ ಸಾರ್."

ನಂಗೆ ನಗು ತಡೆಯಕ್ಕಾಗ್ಲಿಲ್ಲ. ಇವನು ತಮಾಷೆಗೆ ಹೇಳಿದ್ದಲ್ಲ, ಜೂನ್ ಬಂದ್ಮೇಲೆ ತೋಟದ ರಸ್ತೆಗೆ ಲಾರಿ ಇಳಿಯಲ್ಲ, ದಿಮ್ಮಿ ಎಳೆದ್ರೆ ಮಣ್ಣೆಲ್ಲ ಕಿತ್ಕೊಂಡ್ ಬರತ್ತೆ, ಮತ್ತೆ ಇವನೇನ್ ಮಾಡ್ಬೇಕು? ಆಫೀಸರ್ ಮಾತ್ರ ನಗಲಿಲ್ಲ. "ಇಎಂಐ ಪ್ರತಿ ತಿಂಗಳು ಕಟ್ಬೇಕಲ್ಲ" ಅಂದ.

ಅದು ಮುಗಿದ್ಮೇಲೆ ಉದ್ಯಮ್ ಸರ್ಟಿಫಿಕೇಟ್ ಕಥೆ, ಅಂದ್ರೆ ಸಣ್ಣ ಉದ್ಯಮ ಅಂತ ಸರ್ಕಾರ ಕೊಡೋ ನೋಂದಣಿ ಕಾಗದ. ಸರ್ಕಾರದ ಪಟ್ಟಿಲಿ ಅರಣ್ಯ ಮತ್ತೆ ಮರ ಕಡಿಯೋ ಕೆಲಸಕ್ಕೆ 02 ಅಂತ ಕೋಡ್ ಇದೆ, ಆದ್ರೆ ಆ ಕೋಡಿಗೆ ಉದ್ಯಮ್ ಕೊಡಲ್ಲ. ಸೈಬರ್ ಸೆಂಟರ್‌ನವನು ಇರ್ಲಿ ಬಿಡು ಅಂತ ಸಾಮಿಲ್, ಅಂದ್ರೆ ಮರ ಕೊಯ್ಯೋ ಮಿಲ್ಲಿನ ಕೋಡ್ ಒತ್ತಿದ್ದ. ಆಫೀಸರ್ ಕೇಳೇ ಬಿಟ್ಟ, ಸಾಮಿಲ್ ಲೈಸೆನ್ಸ್ ಎಲ್ಲಿ ಅಂತ. ಕಾಡು ಉಳಿಸೋಕೆ ಸುಪ್ರೀಂ ಕೋರ್ಟ್ 1996ರಲ್ಲಿ ಗೋದಾವರ್ಮನ್ ಕೇಸಲ್ಲಿ ಕೊಟ್ಟ ಆರ್ಡರ್ ಆದ್ಮೇಲೆ ಹೊಸ ಸಾಮಿಲ್ ಲೈಸೆನ್ಸ್ ಸಿಗೋದು ಎಷ್ಟು ಕಷ್ಟ ಅಂತ ಟಿಂಬರ್‌ನವ್ರನ್ನ ಕೇಳಿ. ಇವನತ್ರ ಇರೋದು ಒಂದು ಚೈನ್ ಸಾ ಅಷ್ಟೇ ಸ್ವಾಮಿ! ಸಿಲ್ವರ್ ಕಡಿಯೋಕೆ 1976ರ ಮರ ಸಂರಕ್ಷಣಾ ಕಾಯ್ದೆಲಿ ಪರ್ಮಿಷನ್ನೂ ಬೇಡ, ಅಂದ್ರೆ ಕಡಿಯೋಕೆ ಕಾನೂನಿನ ಅಡ್ಡಿ ಇಲ್ಲ, ಕಡಿಯೋನಿಗೆ ಉದ್ಯಮಿ ಅಂತ ಒಂದು ಕಾಗದ ಇಲ್ಲ.

ವಾಪಸ್ ಬರ್ತಾ ಜೀಪಲ್ಲಿ ಕೇಳ್ದ, "ಗೌರ್ಮೆಂಟೇ ಗ್ಯಾರಂಟಿ ಅಂತಾರಲ್ಲಣ್ಣ, ಮತ್ತೆ ಇವರಿಗೇನ್ ಭಯ?" ಗ್ಯಾರಂಟಿ ಇರೋದು ಬ್ಯಾಂಕಿಗೆ ಕಣೋ ಅಂದೆ. ನೀನು ಕಟ್ಟದಿದ್ರೆ ಗ್ಯಾರಂಟಿ ಫಂಡಿಂದ ಅವರಿಗೆ ಒಂದಿಷ್ಟು ಬರತ್ತೆ, ನಿನ್ನ ಸಾಲ ನಿನ್ನ ತಲೆ ಮೇಲೇ ಇರತ್ತೆ, ಸಾಲ ಕಟ್ಟೋ ದಾಖಲೆ ನೋಡಿ ಕೊಡೋ ಸಿಬಿಲ್ ಅಂಕನೂ ಕೆಡತ್ತೆ. ಅವನು ಆಮೇಲೆ ಮಾತಾಡ್ಲಿಲ್ಲ.

ನಂಗೆ ರಾತ್ರಿಯೆಲ್ಲ ಅದೇ. ಮಳೆ ನೋಡ್ತೀನಿ ಸಾರ್. ಯಾಕಂದ್ರೆ ಮಳೆಗಾಲದಲ್ಲಿ ನಾನೂ ಮಳೆನೇ ನೋಡೋದು, ಬಿಸಿ ಕಾಫಿ ಹಿಡ್ಕೊಂಡು. ನಂಗೂ ಅದೇ ಬ್ಯಾಂಕಲ್ಲಿ ಬೆಳೆಸಾಲ ಇದೆ, ಕುಯ್ಲು ಮುಗಿಸಿ ಕಾಫಿ ಮಾರಿ ವರ್ಷಕ್ಕೊಂದ್ಸಲ ಕಟ್ತೀನಿ, ಮಳೆಗಾಲದಲ್ಲಿ ಏನ್ ಮಾಡ್ತೀರಾ ಅಂತ ಯಾವ ಮ್ಯಾನೇಜರೂ ಕೇಳಿಲ್ಲ. ತೋಟ ಒಂದೇ, ನೆರಳು ಕೊಡೋ ಮರಾನೂ ಅದೇ. ಕಾಫಿಗೆ ಸೀಸನ್ ಇದೆ ಅಂತ ಬ್ಯಾಂಕಿಗೆ ಗೊತ್ತಾಗಿದ್ದು ಪ್ಲಾಂಟರ್‌ಗಳು ಸಂಘ ಕಟ್ಕೊಂಡು ಗಲಾಟೆ ಮಾಡಿದ್ರಿಂದ ಅಂತ ನನ್ನ ಅನಿಸಿಕೆ, ಮರ ಕಡಿಯೋರಿಗೆ ಅಂಥಾ ಸಂಘ ನಾನಂತೂ ಕಂಡಿಲ್ಲ.

ಸೋಮವಾರ ಮತ್ತೆ ಹೋಗ್ತೀವಿ. ಈ ಸಲ ಕೋಡ್ ಬದಲಾಯಿಸಿ ಸರಕು ಸಾಗಾಣಿಕೆ ಅಂತ ಹಾಕ್ಸಿದೀವಿ, ದಿಮ್ಮಿ ಸಾಗಿಸೋದಂತೂ ನಿಜ ತಾನೇ. ಕಂತು ನವೆಂಬರ್‌ನಿಂದ ಮೇವರೆಗೆ ಮಾತ್ರ ಇಡಿ ಅಂತ ಒಂದು ಅರ್ಜಿನೂ ಬರ್ದಿದೀನಿ. ಕುರ್ಚಿ ಅವನಿಗೇ ಕೊಡಿ ಅಂತ ಬಾಯಲ್ಲೇ ಹೇಳ್ತೀನಿ.