ಸಾಂಬ್ರಾದಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ತಾಸು ಎಷ್ಟು

ಭೂಗೋಳದ ಮೇಲೆ ದಾರ ಹಿಡಿದು ಅಳೆದರೆ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 13,800 ಕಿ.ಮೀ. ಆ ದಾರ ಸೈಬೀರಿಯಾ ಹಾಯ್ದು ಹೋಗುತ್ತದೆ. ಪ್ರಯಾಣಿಕರು ಹೋಗುವ ದಾರಿ ಬೇರೆ. ಮೊದಲು ದಕ್ಷಿಣಕ್ಕೆ 440 ಕಿ.ಮೀ. ಇಳಿದು ಬೆಂಗಳೂರು, ಅಲ್ಲಿಂದ ದುಬೈಗೆ ಸುಮಾರು 2,700, ಮುಂದೆ 13,000. ಒಟ್ಟು 16,000 ದಾಟಿತು. ಹಾರಾಟ ಕ್ರಮವಾಗಿ ಒಂದೂಕಾಲು, ನಾಲ್ಕೂಕಾಲು, 16 ತಾಸು. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ 34-36 ತಾಸು ಹಿಡಿಯಿರಿ. ಹಾರಾಟ ಬಿಟ್ಟು ಉಳಿದದ್ದೆಲ್ಲ ನಿಲ್ದಾಣದ ಕುರ್ಚಿಯ ಮೇಲೆ, ಸಾಲಿನಲ್ಲಿ.

ಟಿಕೆಟ್ ಮೇಲಿನ ವೇಳೆ ಆಯಾ ಊರಿನದು. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮಗಿಂತ 12.5 ತಾಸು ಹಿಂದೆ, ಚಳಿಗಾಲದಲ್ಲಿ 13.5. ಜೂನ್‌ನ ಒಂದು ಮಂಗಳವಾರ ನಸುಕಿನ 4.30ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಮಧ್ಯಾಹ್ನ 3ಕ್ಕೆ ಇಳಿಯುವ ಟಿಕೆಟ್ ನೋಡಿ ಹತ್ತೂವರೆ ತಾಸಿನ ಪ್ರಯಾಣ ಎಂದುಕೊಳ್ಳಬೇಡಿ. 12.5 ಕೂಡಿಸಿ: 23 ತಾಸು.

ಹೆಚ್ಚಿನವರ ಲೆಕ್ಕ ತಪ್ಪುವುದು ಸಾಂಬ್ರಾ-ಬೆಂಗಳೂರು ತುಂಡಿನಲ್ಲಿ. ಅದನ್ನು ಬೇರೆ ಟಿಕೆಟ್ ಮಾಡಿಸಿದರೆ ಮೊದಲ ವಿಮಾನ ತಡವಾದಾಗ ಮುಂದಿನದರ ಹೊಣೆ ಯಾರದೂ ಅಲ್ಲ. ಬ್ಯಾಗಿನದೂ ಅದೇ ಕಥೆ. ಅಮೆರಿಕದ ಟಿಕೆಟ್‌ಗೆ ಸಾಮಾನ್ಯವಾಗಿ 23 ಕಿಲೋದ ಎರಡು ಬ್ಯಾಗು, ದೇಶದೊಳಗಿನ ಟಿಕೆಟ್‌ಗೆ 15 ಕಿಲೋ. ಮಿಕ್ಕ 31 ಕಿಲೋಗೆ ಸಾಂಬ್ರಾದಲ್ಲೇ ರೊಕ್ಕ ಎಣಿಸಬೇಕು. ಸಾಂಬ್ರಾದಿಂದ ಕೊನೆಯವರೆಗೆ ಒಂದೇ ಟಿಕೆಟ್ ಸಿಗದಿದ್ದರೆ ರಾತ್ರಿ ಬಸ್ಸೋ ಚೆನ್ನಮ್ಮ ಎಕ್ಸ್‌ಪ್ರೆಸ್ಸೋ ಹಿಡಿಯುವುದೇ ಲೇಸು. ತೂಕ ಕೇಳುವವರು ಕಡಿಮೆ, ಇಡೀ ಹಗಲು ಕೈಯಲ್ಲಿರುತ್ತದೆ. ವಿಮಾನದಲ್ಲೇ ಹೋಗುವವರು ಬೆಂಗಳೂರಿನಲ್ಲಿ ಕನಿಷ್ಠ ಆರು ತಾಸು ಬಿಡುವಿಡಿ. ಬ್ಯಾಗು ತೆಗೆದುಕೊಂಡು, ಬೇಕಾದರೆ ಟರ್ಮಿನಲ್ ಬದಲಿಸಿ, ಮತ್ತೆ ಚೆಕ್-ಇನ್ ಮಾಡಬೇಕು. ವಿದೇಶಿ ವಿಮಾನಗಳು ಟರ್ಮಿನಲ್ 2ರಿಂದ. ಕೌಂಟರಿನಲ್ಲಿ ಬ್ಯಾಗಿಗೆ ಕಟ್ಟುವ ಚೀಟಿಯಲ್ಲಿ ಕೊನೆಗೆ ಎಸ್‌ಎಫ್‌ಒ (ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ಗುರುತು) ಅಂತ ಇದೆಯೇ ನೋಡಿಯೇ ಮುಂದೆ ಹೆಜ್ಜೆ ಇಡಿ.

ಬಾಣಂತನಕ್ಕೆ ಹೊರಟ ತಾಯಂದಿರ ಗಂಟಿನ ವಿಷಯ ಬೇರೆಯೇ. ಗಸಗಸೆ ಯುಎಇಯಲ್ಲಿ ನಿಷಿದ್ಧ. ದುಬೈ ಮೇಲೆ ಹೋಗುವುದಾದರೆ ಮಸಾಲೆಯಲ್ಲೂ ಇರಕೂಡದು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯಂಥ ಚಟ್ನಿಪುಡಿ ಕೈಚೀಲದಲ್ಲಿ ಬೇಡ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿ ಅಳತೆಗಿಂತ ಹೆಚ್ಚಿನ ಪುಡಿ ಕೈಯಲ್ಲಿದ್ದರೆ ಬಿಚ್ಚಿಸಿ ನೋಡುತ್ತಾರೆ, ಬಗೆಹರಿಯದಿದ್ದರೆ ಅಲ್ಲೇ ಬಿಡಬೇಕಾಗುತ್ತದೆ. ದೊಡ್ಡ ಬ್ಯಾಗಿನಲ್ಲಿ, ಎಣ್ಣೆ ಜಿನುಗದಂತೆ ಎರಡು ಸುತ್ತು ಕವರಿನೊಳಗೆ ಹೋಗಲಿ. ಅಮೆರಿಕದಲ್ಲಿ ಇಳಿದ ಮೇಲೆ ಕುಂದಾ ಸೇರಿ ತಿನಿಸು ಏನಿದ್ದರೂ ಕಸ್ಟಮ್ಸ್‌ನವರಿಗೆ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ. ಹಸಿ ಹಣ್ಣು, ಕಾಯಿ ಒಯ್ಯಲೇಬೇಡಿ.

ಮೊಣಕಾಲು ನೋವಿನವರಿಗೆ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬರೆಸಿ. ದುಬೈಯಲ್ಲಿ ನಡಿಗೆ ಬಹಳ. ಅಲ್ಲಿ ಎರಡು ತಾಸಿಗಿಂತ ಕಡಿಮೆ ಬಿಡುವಿನ ಟಿಕೆಟ್ ಅಗ್ಗವಾದರೂ ಬೇಡ. 16 ತಾಸಿನ ಹಾರಾಟದಲ್ಲಿ ಓಡಾಡುವ ಹಾದಿಯ ಪಕ್ಕದ ಸೀಟು ಹಿಡಿಯಿರಿ, ಎರಡು ತಾಸಿಗೊಮ್ಮೆ ಎದ್ದು ಅಡ್ಡಾಡಲು ಯಾರನ್ನೂ ಎಬ್ಬಿಸಬೇಕಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ.

ಬರುವಾಗ ಲೆಕ್ಕ ತಿರುವುಮುರುವು. ಸೋಮವಾರ ಸಂಜೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹತ್ತಿದವರು ಬೆಂಗಳೂರಿನಲ್ಲಿ ಇಳಿಯುವುದು ಬುಧವಾರ ನಸುಕಿಗೆ. ಬೆಳಗಾವಿಗೆ ಮುಂದಿನ ಟಿಕೆಟ್ ಮಂಗಳವಾರಕ್ಕೆ ತೆಗೆಸಬೇಡಿ.