ಬೇಲಿ ಜಗಳ ಬೇರೆ, ಮಳೆ ಲೆಕ್ಕ ಬೇರೆ

ವಿರಾಜಪೇಟೆ ಕಡೆ ಪಕ್ಕದ ತೋಟದವರಿಗೂ ನಮಗೂ ಬೇಲಿ ತಕರಾರು. ಕೇಸು ಇನ್ನೂ ನಡೀತಿದೆ. ಆದರೆ ಕಾಫಿ ಹೂವರಳಿಸುವ ಹೂಮಳೆ ಬಿದ್ದ ಬೆಳಿಗ್ಗೆ 'ನಿಮ್ಮಲ್ಲಿ ಎಷ್ಟು ಸೆಂಟ್ ಮಳೆ?' (ನೂರು ಸೆಂಟ್ ಅಂದರೆ ಒಂದು ಇಂಚು) ಅನ್ನೋ ಮೆಸೇಜು ತಪ್ಪುವುದಿಲ್ಲ.

ದಕ್ಷಿಣ ಧ್ರುವದ ಖಂಡದ ಬಗೆಗಿನ 1959ರ ಅಂಟಾರ್ಕ್ಟಿಕ್ ಒಪ್ಪಂದವೂ ಹೆಚ್ಚುಕಮ್ಮಿ ಇದೇ ಜಾತಿಯದು. ಶೀತಲ ಸಮರದ ಕಾಲದಲ್ಲೂ ಅಮೆರಿಕ, ಸೋವಿಯತ್ ಒಕ್ಕೂಟ ಸೇರಿ 12 ದೇಶಗಳು ಸಹಿ ಹಾಕಿದವು. ಭೂಮಿ ಯಾರದೆಂಬ ವಾದವನ್ನು ಬದಿಗಿಟ್ಟು, ಸಂಶೋಧನೆಯ ಫಲಿತಾಂಶ ಎಲ್ಲರಿಗೂ ಸಿಗಬೇಕೆಂದು ಬರೆದುಕೊಂಡವು. ಭಾರತ ಸೇರಿದ್ದು 1983ರಲ್ಲಿ. ಈಗ ಅಲ್ಲಿ ನಮ್ಮ ಮೈತ್ರಿ, ಭಾರತಿ ಕೇಂದ್ರಗಳಿವೆ.

ಉತ್ತರ ಧ್ರುವದ ಕಡೆ ಅಂಥ ಒಪ್ಪಂದವಿಲ್ಲ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೆ. ಹತ್ತಿರದ ಕಾಂಗ್ಸ್‌ಫ್ಯೋರ್ಡನ್ ಕೊಲ್ಲಿಯ ನೀರಿನೊಳಗೆ 2014ರಲ್ಲಿ ಇಳಿಸಿದ ಉಪಕರಣಗಳು ಉಷ್ಣತೆ, ಉಪ್ಪಿನಂಶ ಅಳೆಯುತ್ತವೆ. ಆದರೆ ಆರ್ಕ್ಟಿಕ್ ಸಾಗರದ ಕರಾವಳಿಯಲ್ಲಿ ಸುಮಾರು ಅರ್ಧ ರಷ್ಯಾದ್ದು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ಆರ್ಕ್ಟಿಕ್ ಮಂಡಳಿಯ (ಆ ಭಾಗದ ಎಂಟು ದೇಶಗಳ ವೇದಿಕೆ) ಉಳಿದ ಏಳು ದೇಶಗಳು ರಷ್ಯಾ ಜೊತೆಗಿನ ಕೆಲಸ ನಿಲ್ಲಿಸಿದವು. ಆಮೇಲೆ ಸ್ವಲ್ಪ ಮಾತ್ರ ಮತ್ತೆ ಶುರುವಾಗಿದೆ. ಸೈಬೀರಿಯದಲ್ಲಿ ಸದಾ ಹೆಪ್ಪುಗಟ್ಟಿರುವ ನೆಲ ಕರಗಿದರೆ ಇಂಗಾಲದ ಡೈಆಕ್ಸೈಡ್, ಮೀಥೇನ್ ಹೊರಬೀಳುತ್ತವೆ. ಅಲ್ಲಿಯ ಅಂಕಿ ಇಲ್ಲದೆ ಜಗತ್ತಿನ ಲೆಕ್ಕ ಹೇಗೆ ಸರಿಹೋದೀತು?

2018ರ ನಮ್ಮ ಕೊಡಗಿನ ಗುಡ್ಡ ಕುಸಿತಕ್ಕೆ ಆರ್ಕ್ಟಿಕ್ಕೇ ಕಾರಣ ಅಂತ ಯಾರಾದರೂ ಅಂದರೆ ನಾನಂತೂ ಒಪ್ಪುವುದಿಲ್ಲ. ಗುಡ್ಡ ಕಡಿದದ್ದು ನಾವೇ. ಆದರೂ ಭಾರತಕ್ಕೆ ಮಾಸ್ಕೋ ಜೊತೆಗೂ ನಾರ್ವೆಯ ಓಸ್ಲೋ ಜೊತೆಗೂ ಮಾತುಕತೆ ಇದೆ. 2013ರಿಂದ ಆರ್ಕ್ಟಿಕ್ ಮಂಡಳಿಯಲ್ಲಿ ವೀಕ್ಷಕ ಸ್ಥಾನವೂ ಇದೆ. ಕನಿಷ್ಠ ಅಂಕಿ-ಅಂಶ ಹಂಚಿಕೊಳ್ಳಿ ಅಂತ ಕೇಳಲಿಕ್ಕೆ ಆ ಸಲುಗೆ ಬಳಸಬಾರದೇ?